ಅಮ್ಮನ ಕೂಲಿಗೂ ಒಂದು ಸಾಲು

ಪಿಯುಸಿ ರಿಸಲ್ಟ್ ಬಂದ್ಮೇಲೆ ನಮ್ಮ ಬೀದೀಲಿ ಇಬ್ಬರು ಅತ್ತೆಯರು, ಒಬ್ಬ ಚಿಕ್ಕಮ್ಮ ಒಂದೇ ಮಾತು ಕೇಳಿದ್ರು: “ಬಿಬಿಎ ಅಂದ್ರೆ ಏನಮ್ಮಿ? ಅದನ್ನ ಓದಿ ನಮ್ ಹುಡುಗಿ ಏನ್ ಮಾಡ್ತಾಳೆ?” ಬಾಯಲ್ಲಿ ಹೇಳೋಕೆ ಹೋದ್ರೆ ಅರ್ಧದಲ್ಲೇ ಒಲೆ ಮೇಲಿನ ಹಾಲು ಉಕ್ಕುತ್ತೆ. ಅದಕ್ಕೆ ಬರೆದೇ ಇಡ್ತಿದೀನಿ.

ಬಿಬಿಎ ಅಂದ್ರೆ ವ್ಯಾಪಾರ-ವ್ಯವಹಾರ ನಡೆಸೋದನ್ನ ಕಲಿಸೋ ಮೂರು ವರ್ಷದ ಡಿಗ್ರಿ, ಆರು ಸೆಮಿಸ್ಟರು. ಮುಂಚೆ ಬಿಬಿಎಂ ಅಂತಿದ್ರು. ನಾನು 2021ರಲ್ಲಿ ಸೇರಿ 2024ರಲ್ಲಿ ಮುಗಿಸಿದೆ. ನಮ್ಮ ತಾವರೆಕೆರೇಲಿ ಹೈವೇಗೆ ಬಂದು ಬಸ್ ಹತ್ತಿದ್ರೆ ಶಿರಾ, ಅಲ್ಲೇ ಕಾಲೇಜು. ಪರೀಕ್ಷೆ ತುಮಕೂರು ವಿಶ್ವವಿದ್ಯಾಲಯದ್ದು. ಮೊದಲೆರಡು ವರ್ಷ ಬಸ್ ಪಾಸು ಮಾಡಿಸ್ಕೊಂಡು ಓಡಾಡ್ದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ್ಮೇಲೆ ಆಧಾರ್ ಕಾರ್ಡ್ ತೋರ್ಸಿದ್ರೆ ಸಾಕಾಯ್ತು. ಪಿಯುಸೀಲಿ ಆರ್ಟ್ಸ್ ಓದಿದ ಹುಡುಗೀರೂ ನನ್ನ ಕ್ಲಾಸಲ್ಲಿದ್ರು. ಅಮೆರಿಕಾದಲ್ಲಿ ಹಿಂಗೆ ಮನೆಯಿಂದ್ಲೇ ಹೋಗಿ ಬಂದು ಕಮ್ಮಿ ಫೀಸಲ್ಲಿ ಓದೋ ಊರಿನ ಕಾಲೇಜಿಗೆ ಕಮ್ಯುನಿಟಿ ಕಾಲೇಜು ಅಂತಾರೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೋ ಊರಲ್ಲಿ ಶುರುವಾದ ಅಂಥ ಕಾಲೇಜು ಈಗ್ಲೂ ನಡೀತಿದೆ. ನಮಗೆ ನಮ್ಮ ತಾಲ್ಲೂಕಿನ ಡಿಗ್ರಿ ಕಾಲೇಜೇ ಅದು. ಬೆಳಿಗ್ಗೆ ಮುದ್ದೆ ಉಂಡು ಹೊರಟ್ರೆ ಸಂಜೆ ಕುರಿ ಮನೆ ಸೇರೋ ಹೊತ್ತಿಗೆ ನಾವೂ ಮನೆ ಸೇರ್ತಿದ್ವಿ.

ಕನ್ನಡ ಮೀಡಿಯಂನಿಂದ ಹೋದೋರಿಗೆ ಮೊದಲ ಆರು ತಿಂಗಳು ಕಷ್ಟಾನೇ. ಪುಸ್ತಕ ಪೂರಾ ಇಂಗ್ಲಿಷು. ಆದ್ರೆ ಒಳಗಿರೋ ವಿಷಯ ನಮಗೆ ಹೊಸದಲ್ಲ. ಹೆನ್ರಿ ಫಯೋಲ್ ಅಂತ ಫ್ರಾನ್ಸ್ ದೇಶದ ಗಣಿ ಇಂಜಿನಿಯರು, 1916ರಲ್ಲಿ ಮ್ಯಾನೇಜ್‌ಮೆಂಟಿಗೆ 14 ಸೂತ್ರ ಹೇಳ್ದ. ಒಬ್ಬ ಕೆಲಸಗಾರನಿಗೆ ಒಬ್ಬರೇ ಅಪ್ಪಣೆ ಕೊಡ್ಬೇಕು ಅನ್ನೋದು ಅದ್ರಲ್ಲಿ ಒಂದು. ಅತ್ತೆ ಒಂದು ಹೇಳಿ, ನಾದಿನಿ ಇನ್ನೊಂದು ಹೇಳಿದ್ರೆ ಸೊಸೆ ಗತಿ ಏನಾಗುತ್ತೆ ಅಂತ ನಮಗೆ ಫಯೋಲ್ ಬಂದು ಹೇಳ್ಬೇಕಿರ್ಲಿಲ್ಲ.

ನನಗೆ ನಿಜವಾಗ್ಲೂ ಹೊಸದು ಅನ್ಸಿದ್ದು ಕಾಸ್ಟ್ ಅಕೌಂಟಿಂಗು. ಒಂದು ಪದಾರ್ಥ ಮಾಡೋಕೆ ನಿಜಕ್ಕೂ ಎಷ್ಟು ಬಿತ್ತು ಅಂತ ಲೆಕ್ಕ ಹಾಕೋ ವಿದ್ಯೆ ಅದು. ಅದ್ರಲ್ಲೊಂದು ಮಾತಿದೆ: ಕೈಯಿಂದ ಕಾಸು ಕೊಡದೇ ಇದ್ರೂ, ಮಾಲೀಕ ತಾನೇ ದುಡಿದ್ರೆ ಆ ದುಡಿಮೆಗೂ ಬೆಲೆ ಕಟ್ಟಿ ಖರ್ಚಿಗೆ ಸೇರಿಸ್ಕೊಂಡು ನೋಡ್ಬೇಕು. ಅದನ್ನ ಓದಿದಾಗ ನನ್ನ ಕಣ್ಮುಂದೆ ಬಂದಿದ್ದು ಅಮ್ಮ.

ಅಮ್ಮ ಕಡ್ಲೆಕಾಯಿ ಬೀಜದ ಚಟ್ನಿಪುಡಿ ಮಾಡಿ ಮಾರೋದು ನಿಮಗೆಲ್ಲ ಗೊತ್ತು. ಬಹಳ ವರ್ಷದಿಂದ ಕಿಲೋ 200 ರೂಪಾಯಿ. ಡಿಗ್ರಿ ಮುಗಿದ ವರ್ಷ ಒಂದು ದಿನ ಇಬ್ಬರೂ ಕೂತು 10 ಕಿಲೋ ಪುಡಿ ಲೆಕ್ಕ ಬರೆದ್ವಿ. ಬೀಜ 840, ಒಣಮೆಣಸಿನಕಾಯಿ 220, ಹುರಿಗಡಲೆ 200, ಬೆಳ್ಳುಳ್ಳಿ-ಹುಣಸೆ-ಕೊಬ್ಬರಿ-ಉಪ್ಪು 250, ಎಣ್ಣೆ 60, ಗ್ಯಾಸು 100, ಕವರು 70, ಕರೆಂಟು-ಆಟೋ 60. ಒಟ್ಟು 1,800. ಮಾರಿದ್ರೆ 2,000. ಅಮ್ಮ “ಇನ್ನೂರು ಉಳೀತಲ್ಲ” ಅಂದ್ರು.

10 ಕಿಲೋಗೆ ಅಮ್ಮನ ಎರಡು ದಿನ ಹೋಗುತ್ತೆ. ಬೀಜ ಆರಿಸೋದು, ಹುರಿಯೋದು, ಸಿಪ್ಪೆ ತೂರೋದು, ಪುಡಿ ಮಾಡೋದು, ತೂಗಿ ಕಟ್ಟೋದು. ಉದ್ಯೋಗ ಖಾತ್ರೀಲಿ ಕೂಲಿ ಹೆಣ್ಣಿಗೂ ಗಂಡಿಗೂ ಒಂದೇ, ಕರ್ನಾಟಕದಲ್ಲಿ 2024-25ಕ್ಕೆ ದಿನಕ್ಕೆ 349 ರೂಪಾಯಿ. ಎರಡು ದಿನಕ್ಕೆ 698. ಅದನ್ನ ಖರ್ಚಿಗೆ ಸೇರಿಸಿದ್ರೆ 2,498. ಇನ್ನೂರು ಉಳಿಯೋದಿರ್ಲಿ, 498 ರೂಪಾಯಿ ನಷ್ಟ.

ಅಮ್ಮನ ಮುಖ ಸಣ್ಣದಾಯ್ತು. “ಅಂಗಾದ್ರೆ ಇಷ್ಟ್ ವರ್ಷ ನಾನು ಬಿಟ್ಟಿ ದುಡಿದೆ ಅಂತೀಯಾ?” ಅಂದ್ರು. ನಾನು ಮಾತಾಡ್ಲಿಲ್ಲ. ಆ ದುಡ್ಡಲ್ಲೇ ನನ್ನ ಫೀಸು ಕಟ್ಟಿದ್ದು, ತಮ್ಮನ ಚಪ್ಪಲಿ ತಂದಿದ್ದು. ಎರಡು ದಿನ ಅವರು ಆ ಸುದ್ದಿನೇ ಎತ್ಲಿಲ್ಲ. ಮೂರನೇ ದಿನ ರಾಗಿ ಹಿಟ್ಟು ಜರಡಿ ಹಿಡೀತಾ ಕೇಳಿದ್ರು: “ಅಡುಗೆ ಮಾಡಿದ್ದಕ್ಕೆ, ಕೊಟ್ಟಿಗೆ ಬಾಚಿದ್ದಕ್ಕೆ ನಿನ್ನ ಪುಸ್ತಕದಲ್ಲಿ ಸಾಲು ಐತಾ?”

ಇಲ್ಲ. ಮಾರೋದಕ್ಕೆ ಮಾತ್ರ ಐತೆ. ಸರ್ಕಾರ 2019ರಲ್ಲಿ ಜನ ದಿನದ ಹೊತ್ತು ಹೆಂಗೆ ಕಳೀತಾರೆ ಅಂತ ದೇಶದ ತುಂಬ ಸಮೀಕ್ಷೆ ಮಾಡಿಸ್ತು. ಸಂಬಳವಿಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರಿಗೆ ಆಗ ದಿನಕ್ಕೆ 299 ನಿಮಿಷ ಹಿಡೀತಿತ್ತು, ಗಂಡಸರಿಗೆ 97. ಅಂದ್ರೆ ನಮ್ಮದು ಹತ್ತಿರತ್ತಿರ ಐದು ಗಂಟೆ. ಅದಕ್ಕೆ ಬಿಬಿಎ ಉತ್ತರ ಕೊಡಲ್ಲ. ಆದ್ರೆ ಮಾರೋ ಪದಾರ್ಥದಲ್ಲಾದ್ರೂ ನಮ್ಮ ಕೂಲಿ ಮುಚ್ಚಿ ಹೋಗ್ಬಾರ್ದು ಅಂತ ಕಲಿಸುತ್ತೆ.

ಆಮೇಲೆ ಇನ್ನೊಂದು ಕಂತೆ ಬಿಚ್ಚಿದ್ವಿ. ಒಂದು ಅಂಗಡಿಯವರು ಪುಡಿ ತಗೊಂಡು ಒಂದೂವರೆ ತಿಂಗಳಿಗೆ ದುಡ್ಡು ಕೊಡ್ತಿದ್ರು. ಅಷ್ಟರಲ್ಲಿ ಮುಂದಿನ ಬೀಜ ತರೋಕೆ ಅಮ್ಮ ಸಂಘದಲ್ಲಿ ಸಾಲ ಎತ್ತೋರು, ಬಡ್ಡಿ ಕಟ್ಟೋರು. ಸರಕು ತರೋಕೆ ಕೈಯಲ್ಲಿ ಓಡಾಡ್ತಿರ್ಬೇಕಾದ ದುಡ್ಡಿಗೆ ಪುಸ್ತಕದಲ್ಲಿ ದುಡಿಯುವ ಬಂಡವಾಳ ಅಂತಾರೆ. ನಮ್ಮ ಬಂಡವಾಳ ಅವರ ಅಂಗಡೀಲಿ ದುಡೀತಿತ್ತು, ಬಡ್ಡಿ ಮಾತ್ರ ನಮ್ಮ ತಲೆ ಮೇಲೆ.

ಬೆಲೆ 280 ಮಾಡಿದ್ವಿ, ಉದ್ರಿ ನಿಲ್ಸಿದ್ವಿ. ಆ ಅಂಗಡಿ ಬಿಟ್ಟೋಯ್ತು. ತಿಂಗಳಿಗೆ 30 ಕಿಲೋ ಹೋಗ್ತಿದ್ದದ್ದು 20ಕ್ಕೆ ಇಳೀತು. ಅಪ್ಪ “ಇದೇನಾ ನೀನು ಓದಿದ್ದು?” ಅಂದ್ರು. ಅದಕ್ಕೂ ಲೆಕ್ಕ ಬರೆದು ತೋರಿಸಿದೆ. ಮಿಕ್ಸಿಗೆ 9,000 ಕೊಟ್ಟಿದ್ವಿ, ಐದು ವರ್ಷ ಬಾಳಿಕೆ ಅಂದ್ರೆ ವರ್ಷಕ್ಕೆ 1,800 ಸವಕಳಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದಾಗ ಫೀಸು ವರ್ಷಕ್ಕೆ 100. ಒಟ್ಟು 1,900. ಅಮ್ಮನ ಕೂಲಿ ಸೇರಿ ಕಿಲೋಗೆ 250 ಬಿದ್ದು 280ಕ್ಕೆ ಮಾರಿದ್ರೆ 30 ಉಳಿಯುತ್ತೆ. 64ನೇ ಕಿಲೋಗೆ ಆ 1,900 ತೀರುತ್ತೆ. ಅಲ್ಲಿಂದಾಚೆಗೆ ಬರೋದು ಲಾಭ.

ವರ್ಷಕ್ಕೆ 240 ಕಿಲೋ ಹಿಡೀರಿ. ಅಮ್ಮನ 48 ದಿನದ ಕೂಲಿ 16,752, ಅದರ ಮೇಲೆ ಲಾಭ 5,300. ಹಳೇ ಬೆಲೇಲಿ 360 ಕಿಲೋ ಮಾಡಿ, 72 ದಿನ ಹೊಗೆ-ಖಾರ ಕುಡಿದು, ಮಿಕ್ಸಿ ಸವಕಳಿನೂ ಬಡ್ಡಿನೂ ಕಳೀದೆ ಸಿಗ್ತಿದ್ದದ್ದು 7,200. ದಿನಕ್ಕೆ 100 ರೂಪಾಯಿ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಕೂಡಿ ನೋಡಿದ್ರು, ಸುಮ್ನಾದ್ರು. ಈಗ ಪುಡಿ ಮಾರಿದ ದಿನ ಅಮ್ಮ ಮೊದ್ಲು ತಮ್ಮ ಕೂಲಿ ಎಣಿಸಿ ಬೇರೆ ಡಬ್ಬಿಗೆ ಹಾಕ್ತಾರೆ. ಆ ಡಬ್ಬಿ ದುಡ್ಡಲ್ಲೇ ಹೋದ ಸಲ ಕಣ್ಣು ತೋರಿಸ್ಕೊಂಡು ಬಂದ್ರು, ಯಾರನ್ನೂ ಕೇಳ್ಲಿಲ್ಲ.

ಇನ್ನು ಕೆಲಸದ ಮಾತು. ಬಿಬಿಎ ಮುಗಿಸ್ದೋರಿಗೆಲ್ಲ ಕೆಲಸ ಕಾಯ್ಕೊಂಡು ಕೂತಿರಲ್ಲ. ನನ್ನ ಜೊತೆಯೋರಲ್ಲಿ ಕೆಲವರು ತುಮಕೂರಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಹೋದ್ರು, ಕೆಲವರು ಎಂಬಿಎಗೆ, ಕೆಲವರು ಸರ್ಕಾರಿ ಪರೀಕ್ಷೆಗೆ ಓದ್ತಿದಾರೆ, ಇಬ್ಬರಿಗೆ ಮದುವೆ ಆಯ್ತು. ಕೆಲಸ ಬೇಕು ಅನ್ನೋ ಹುಡುಗಿ ಜೊತೆಗೇ ಕಂಪ್ಯೂಟರಲ್ಲಿ ಟ್ಯಾಲಿ ಕಲೀಲಿ, ಇಂಗ್ಲಿಷ್ ಓದೋದು ರೂಢಿ ಮಾಡ್ಕೊಳ್ಲಿ. ಲೆಕ್ಕ ಕಂಡ್ರೆ ಆಗಲ್ಲ ಅನ್ನೋಳನ್ನ ಬಲವಂತಕ್ಕೆ ಸೇರಿಸ್ಬೇಡಿ. ಆದ್ರೆ “ಹೆಣ್ಣುಡುಗಿಗೆ ವ್ಯಾಪಾರದ ಓದು ಯಾಕೆ” ಅಂತ ಮಾತ್ರ ಅನ್ಬೇಡಿ. ಹಾಲು ಡೈರಿಗೆ ಹಾಕೋದು, ಕುರಿ ಸಾಕೋದು, ಬ್ಲೌಸ್ ಹೊಲಿಯೋದು, ಸಂಘದ ಕಂತು ಕಟ್ಟೋದು, ಎಲ್ಲ ನಾವೇ ಮಾಡ್ತಿರೋದು.

ಸೇರೋ ಹುಡುಗೀರು ಮನೆ ಕಡೆ ಬನ್ನಿ, ನನ್ನ ಆರೂ ಸೆಮಿಸ್ಟರ್ ನೋಟ್ಸು ಅಟ್ಟದ ಮೇಲಿವೆ, ಕೊಡ್ತೀನಿ. ಹೊಲಿಗೆ ಅತ್ತೆ, ನೀವೂ ಬರುವಾಗ ನಿಮ್ಮ ಪುಸ್ತಕ ತನ್ನಿ. ಒಂದು ಬ್ಲೌಸಿಗೆ ಎಷ್ಟು ಹೊತ್ತು ಹಿಡೀತೀರ ಅಂತ ಮೊದ್ಲೇ ಗಡಿಯಾರ ನೋಡಿ ಬರ್ಕೊಂಡಿರಿ.