ಕರಿಯನ ಹಸಿರು ಸಂದು

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆಲ್ಲ ಪಕ್ಕದ ಸಂದು ಗೊತ್ತೇ ಇರುತ್ತದೆ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಕಾಂಪೌಂಡು, ನಡುವೆ ಮೂರಡಿ ಜಾಗ. ಮೈಸೂರಿನ ನಮ್ಮ ಮನೆಯಲ್ಲೂ ಅಂಥದೊಂದು ಸಂದಿದೆ. ಹಳೆಯ ಬಕೆಟ್ಟು, ಏಣಿ, ತೆಂಗಿನ ಗರಿ ಎಲ್ಲಕ್ಕೂ ಅದೇ ಉಗ್ರಾಣ. ಹದಿಮೂರು ವರ್ಷಗಳಿಂದ ಅದು ನಮ್ಮ ಕರಿಯನ ಬಚ್ಚಲೂ ಹೌದು.

ಕರಿಯ ಬೀದಿಯಿಂದ ಬಂದವನು. ಮರಿಯಾಗಿದ್ದಾಗ ಕಾಂಪೌಂಡು ಹಾರಿ ಹೋಗಿ ಹಾರಿ ಬರುತ್ತಿದ್ದ. ಈಗ ಮುದುಕ, ಹಿಂಗಾಲುಗಳಲ್ಲಿ ಬಲವಿಲ್ಲ. ಸಂದಿಗೆ ಹಾಕಿಸಿದ್ದು ನುಣುಪಾದ ಕಡಪ ಕಲ್ಲು. ಮಳೆ ಬಿದ್ದರೆ ನಮಗೇ ಜಾರುತ್ತದೆ, ಇನ್ನು ಅವನ ಪಾಡೇನು? ಕಾಲೆತ್ತಲು ಹೋಗಿ ದೊಪ್ಪನೆ ಕುಳಿತುಬಿಡುತ್ತಿದ್ದ. ಏಳಲಾಗದೆ ನಮ್ಮ ಮುಖ ನೋಡುತ್ತಿದ್ದ. ಕಳೆದ ಮಳೆಗಾಲದಲ್ಲಿ ಸಂದಿಗೆ ಹೋಗುವುದನ್ನೇ ನಿಲ್ಲಿಸಿದ. ಮನೆಯೊಳಗೆ ಆಗಿಬಿಟ್ಟರೆ ಮಂಚದ ಕೆಳಗೆ ಸೇರಿ, ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. "ಮಾತ್ರೆ ಕೊಡ್ತೀನಿ ಅಮ್ಮ, ಆದರೆ ಮೊದಲು ಅವನ ಕಾಲಿಗೆ ಹಿಡಿತ ಸಿಗೋ ಹಾಗೆ ನೆಲ ಮಾಡಿ" ಎಂದರು ಪಶುವೈದ್ಯರು.

ಗೋಣಿಚೀಲ ಹಾಸಿದೆವು, ಎರಡೇ ದಿನಕ್ಕೆ ನೆನೆದು ನಾರಿತು. ಹುಲ್ಲು ಬೆಳೆಸೋಣವೆಂದರೆ ಆ ಸಂದಿಗೆ ಬಿಸಿಲು ಬೀಳುವುದೇ ನಡುಮಧ್ಯಾಹ್ನ ಸ್ವಲ್ಪ ಹೊತ್ತು. ಮೇಲಾಗಿ ನಾಯಿಯ ಮೂತ್ರದಲ್ಲಿ ಸಾರಜನಕ ಹೆಚ್ಚು. ದಿನವೂ ಒಂದೇ ಜಾಗಕ್ಕೆ ಬಿದ್ದರೆ ಹುಲ್ಲು ಸುಟ್ಟಂತೆ ಹಳದಿಯಾಗುತ್ತದೆ. ಆಗ ಮಗ ಹೇಳಿದ್ದು ಕೃತಕ ಹುಲ್ಲಿನ ಮಾತು.

ನಮ್ಮ ಯಜಮಾನರು ಸುತರಾಂ ಒಪ್ಪಲಿಲ್ಲ. ಅವರು ಹಾಕಿಯ ಹುಚ್ಚಿನವರು. "1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಈ ಹಾಳು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡಿಸಿಯೇ ನಾವು ಏಳನೇ ಸ್ಥಾನಕ್ಕೆ ಬಿದ್ದದ್ದು. ಅದನ್ನ ನನ್ನ ಮನೆಗೂ ತರ್ತೀಯೇನೋ?" ಎಂದು ಗುಡುಗಿದರು. ಆರನೇ ಕ್ಲಾಸಿನ ಮೊಮ್ಮಗಳು, "ತಾತಾ, ಕರಿಯ ಹಾಕಿ ಆಡಲ್ಲ, ಬರೀ ನಿಂತ್ಕೋಬೇಕು ಅಷ್ಟೇ" ಅಂದಳು. ಅವರಿಗೆ ನಗು ಬಂತು. ಅಲ್ಲಿಗೆ ಅರ್ಧ ಒಪ್ಪಿಗೆ ಸಿಕ್ಕಂತಾಯಿತು.

ಮಕ್ಕಳೇ, ಈ ಹುಲ್ಲು ಹೆಸರು ಮಾಡಿದ ಕಥೆ ಸೊಗಸಾಗಿದೆ. ಅಮೆರಿಕದ ಹೂಸ್ಟನ್ ನಗರದಲ್ಲಿ 1965ರಲ್ಲಿ ಚಾವಣಿಯಿರುವ ದೊಡ್ಡ ಕ್ರೀಡಾಂಗಣವೊಂದು ತೆರೆಯಿತು, ಹೆಸರು ಆಸ್ಟ್ರೋಡೋಮ್. ಒಳಗಿನ ಹುಲ್ಲಿಗೆ ಬೆಳಕು ಬೇಕಲ್ಲ, ಅದಕ್ಕೇ ಚಾವಣಿಗೆ ಬೆಳಕು ಹಾಯುವ ಹಲಗೆಗಳನ್ನು ಹಾಕಿದ್ದರು. ಆ ಝಳಪಿಗೆ ಆಟಗಾರರಿಗೆ ಚೆಂಡೇ ಕಾಣದಾಯಿತು. ಹಲಗೆಗೆ ಬಣ್ಣ ಬಳಿದರು, ಚೆಂಡು ಕಂಡಿತು, ಹುಲ್ಲು ಸತ್ತಿತು. 1966ರಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಹಾಗೆ. ನಮ್ಮ ಸಂದಿನ ತೊಂದರೆಯೂ ಅದೇ ತಾನೆ? ಬೆಳಕಿಲ್ಲದ ಕಡೆ ಹುಲ್ಲು!

ಲೆಕ್ಕ ಹಾಕಿದ್ದು ಮೊಮ್ಮಗಳು. ಸಂದಿನಲ್ಲಿ ಹಾಸಬೇಕಾದ ಉದ್ದ 30 ಅಡಿ, ಅಗಲ 3 ಅಡಿ. ಅಂಗಡಿಯಲ್ಲಿದ್ದ ಸುರುಳಿಯ ಅಗಲ ಎರಡು ಮೀಟರ್, ಅಂದರೆ ಸುಮಾರು ಆರೂವರೆ ಅಡಿ. ಅಂಗಡಿಯವರು 30 ಅಡಿ ಕತ್ತರಿಸಲು ಹೊರಟಿದ್ದರು. "ಅಂಕಲ್, 15 ಅಡಿ ಸಾಕು. ಉದ್ದಕ್ಕೆ ಸೀಳಿದರೆ ಎರಡು ಪಟ್ಟಿ ಆಗುತ್ತೆ" ಅಂದಳು. ಖರ್ಚು ಅರ್ಧಕ್ಕಿಳಿಯಿತು. ಆದರೆ ಒಂದು ಎಚ್ಚರ ಬೇಕು. ಈ ಹುಲ್ಲಿನ ಎಸಳು ಒಂದೇ ದಿಕ್ಕಿಗೆ ಬಾಗಿರುತ್ತದೆ. ಎರಡೂ ಪಟ್ಟಿಗಳನ್ನು ಒಂದೇ ದಿಕ್ಕಿಗೆ ಇಡದಿದ್ದರೆ ಕೂಡಿಸಿದ ಜಾಗ ಎದ್ದು ಕಾಣುತ್ತದೆ. ಎಸಳು ಗಿಡ್ಡವಾಗಿರುವುದನ್ನೇ ಆರಿಸಿದೆವು, ತೊಳೆಯುವುದು ಸುಲಭ.

ಕಲ್ಲು ಕೀಳಲಿಲ್ಲ. ಹಾಸುವ ಮುಂಚೆ ಒಂದು ಕೊಡ ನೀರನ್ನು ಮೇಲಿನ ತುದಿಯಲ್ಲಿ ಸುರಿದು ನೋಡಿದೆವು. ಎರಡು ಕಡೆ ನೀರು ನಿಂತಿತು. ಗಾರೆಯವರನ್ನು ಕರೆಸಿ ಹತ್ತಡಿಗೆ ಒಂದಿಂಚು ಇಳಿಜಾರು ಬರುವಂತೆ ಸಿಮೆಂಟು ಹಾಕಿಸಿದೆವು. ಅದರ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಜಾಲರಿ, ಆಮೇಲೆ ಹುಲ್ಲು. ಹುಲ್ಲಿನ ತಳದಲ್ಲೂ ತೂತುಗಳಿರುತ್ತವೆ, ನೀರು ಇಳಿದು ಜಾಲರಿಯಡಿ ಹರಿದು ಮೋರಿ ಸೇರುತ್ತದೆ. ಚೇಂಬರಿನ ಮುಚ್ಚಳದ ಜಾಗವನ್ನು ಕತ್ತರಿಸಿ ಬಿಟ್ಟೆವು. ಅಂಟು ಹಾಕಲಿಲ್ಲ, ಅಂಚಿಗೆ ಟೇಪು ಮಾತ್ರ. ಬೇಕಾದಾಗ ಸುತ್ತಿ ತಾರಸಿಗೆ ಒಯ್ದು ಒಣಗಿಸಬಹುದು.

ನಾತದ ವಿಷಯಕ್ಕೆ ಬರೋಣ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ಮೂಗಿಗೆ ರಾಚುವುದು ಅದೇ. ಅದಕ್ಕೆ ದಿನವೂ ಎರಡು ಬಕೆಟ್ ನೀರು, ವಾರಕ್ಕೊಮ್ಮೆ ವಿನೆಗರ್ ಬೆರೆಸಿದ ನೀರು. ವಿನೆಗರ್ ಆಮ್ಲ, ಅಮೋನಿಯಾ ಪ್ರತ್ಯಾಮ್ಲ. ಪಾಠದಲ್ಲಿ ಓದಿದ್ದು ಸಂದಿನಲ್ಲಿ ಕೆಲಸಕ್ಕೆ ಬಂತು. ನೀರು ಹಾಕುವ ಕೆಲಸ ನಮ್ಮ ಯಜಮಾನರದು. ಯಾರೂ ಹೇಳದೆ ಅವರೇ ವಹಿಸಿಕೊಂಡರು.

ಏಪ್ರಿಲ್ ಬಂದಾಗ ಇನ್ನೊಂದು ಪರೀಕ್ಷೆ. ಬಿಸಿಲು ಬಿದ್ದ ಹೊತ್ತಿಗೆ ಮೊಮ್ಮಗಳು ಅಂಗೈಯ ಹಿಂಭಾಗವನ್ನು ತುಳಸಿಕಟ್ಟೆಯ ಮಣ್ಣಿನ ಮೇಲೆ, ಆಮೇಲೆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಇಟ್ಟು ಎಣಿಸಿದಳು. ಮಣ್ಣಿನ ಮೇಲೆ ಹತ್ತು ಎಣಿಸಿದವಳು ಹುಲ್ಲಿನ ಮೇಲೆ ನಾಲ್ಕಕ್ಕೇ ಕೈ ತೆಗೆದಳು. ನಿಜವಾದ ಹುಲ್ಲು ನೀರನ್ನು ಆವಿಯಾಗಿಸಿ ತಂಪಾಗಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ಉಪಾಯ ಗೊತ್ತಿಲ್ಲ. ಪಾಪ, ನಾಯಿ ಚಪ್ಪಲಿ ಹಾಕುವುದಿಲ್ಲ. ಸಂದಿನ ಮೇಲೆ ನೆರಳಿನ ಬಲೆ ಕಟ್ಟಿಸಿದೆವು. ಆದರೂ ಮಧ್ಯಾಹ್ನ ಅವನನ್ನು ಅಲ್ಲಿಗೆ ಬಿಡುವುದಿಲ್ಲ.

ಕರಿಯ ಒಪ್ಪಿದನೇ? ಮೊದಲ ದಿನ ಮೂಸಿ ಮುಖ ತಿರುಗಿಸಿದ. ಅವನ ಹಳೆಯ ಗೋಣಿಯ ತುಂಡೊಂದನ್ನು ಅಲ್ಲಿಟ್ಟು, ಬೆಳಗ್ಗೆ ಸಂಜೆ ಪಕ್ಕದಲ್ಲೇ ನಿಂತೆವು. ನಾಲ್ಕನೆಯ ದಿನ ಗೋಡೆಗೆ ಭುಜ ಆನಿಸಿ ಮೆಲ್ಲಗೆ ಕಾಲೆತ್ತಿದ. ಹಿಂಗಾಲು ನಡುಗಿತು, ಜಾರಲಿಲ್ಲ. "ಭೇಷ್ ಮಗನೇ!" ಎಂದು ಕೂಗಿದವರು ಹಾಕಿ ಪ್ರೇಮಿಗಳೇ.

ಅವರ ಹಟಕ್ಕೂ ಒಂದು ಬೆಲೆ ಸಿಕ್ಕಿದೆ. ಸಂದು ಮುಂದಿನ ಅಂಗಳ ಸೇರುವಲ್ಲಿ ಬಿಸಿಲು ಚೆನ್ನಾಗಿದೆ. ಅಲ್ಲಿ ಎರಡು ಕಲ್ಲು ಕಿತ್ತು, ಮಣ್ಣು ತುಂಬಿ ಗರಿಕೆ ನೆಟ್ಟಿದ್ದಾರೆ. ಗಣೇಶನ ಹಬ್ಬಕ್ಕೂ ಆಯಿತು, ಹೊಟ್ಟೆ ಕೆಟ್ಟಾಗ ಕರಿಯನಿಗೂ ಆಯಿತು. ಈ ಮಳೆಗಾಲದಲ್ಲಿ ಅವನು ಒಮ್ಮೆಯೂ ಮಂಚದ ಕೆಳಗೆ ಸೇರಿಲ್ಲ. ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗುವಾಗ ನಾನೂ ಈಗ ಗೋಡೆ ಹಿಡಿಯುವುದಿಲ್ಲ.