ಹಳೆಯ ಆಟದ ಪೆಟ್ಟಿಗೆ, ಹೊಸ ತಂತಿ

2000ದಲ್ಲಿ ಜಪಾನಿನಲ್ಲಿ ಹೊರಬಂದ ಪ್ಲೇಸ್ಟೇಷನ್ 2 ಎಂಬ ಆಟದ ಪೆಟ್ಟಿಗೆಯೊಂದು ನಮ್ಮ ಮನೆಯಲ್ಲಿರುವುದು. ಮಗನು ಬಾಲ್ಯದಲ್ಲಿ ಆಡಿದ ಅದನ್ನು ಮೊಮ್ಮಗನಿಗೆ ತೋರಿಸಬೇಕೆಂದು ಹೊಸ ಟೆಲಿವಿಷನ್ನಿಗೆ ಜೋಡಿಸಿದೆವು. ಚಿತ್ರವು ಮಂಜು ಮುಸುಕಿದಂತೆ ಕಾಣಲು, "ಅಪ್ಪ ಇದನ್ನೇ ಆಡುತ್ತಿದ್ದನೇ, ತಾತ?" ಎಂದು ಹುಡುಗನು ಮುಖ ತಿರುಗಿಸಿದನು.

ದೋಷವು ಪೆಟ್ಟಿಗೆಯದಲ್ಲ, ಹಳದಿ ತಂತಿಯದು. ಬೆಳಕನ್ನೂ ಬಣ್ಣವನ್ನೂ ಅದೊಂದೇ ಬೆರಸಿ ಸಾಗಿಸುವುದು. ಕಾಂಪೊನೆಂಟ್ ತಂತಿಯಲ್ಲಾದರೋ ಹಸಿರು ಎಳೆಯು ಬೆಳಕನ್ನೂ, ನೀಲಿ ಕೆಂಪುಗಳು ಬಣ್ಣವನ್ನೂ ಬೇರೆಬೇರೆಯಾಗಿ ಹೊರುವುವು. ಕೊಳ್ಳುವವರು ಮೊದಲು ಟೆಲಿವಿಷನ್ನಿನ ಹಿಂಬದಿಯನ್ನು ನೋಡತಕ್ಕದ್ದು. ಈಗಿನ ಅನೇಕವುಗಳಲ್ಲಿ ಅದಕ್ಕೆ ತಕ್ಕ ರಂಧ್ರಗಳೇ ಇಲ್ಲ. ನಮ್ಮದರಲ್ಲಿ ಪುಣ್ಯವಶಾತ್ ಇದ್ದುವು. ಆದರೂ ಚಿತ್ರವು ನೆಟ್ಟಗಾಗಲಿಲ್ಲ! ಹಳದಿ ತಂತಿಯನ್ನೇ ಮತ್ತೆ ಸಿಕ್ಕಿಸಿ, ಪೆಟ್ಟಿಗೆಯ ಏರ್ಪಾಟಿನಲ್ಲಿ ಆರ್‌ಜಿಬಿ ಎಂದಿದ್ದುದನ್ನು ಕಾಂಪೊನೆಂಟಿಗೆ ಬದಲಿಸಿ, ಹೊಸ ತಂತಿಯನ್ನು ಜೋಡಿಸಿದ ಮೇಲೆಯೇ ಅದು ತಿಳಿಯಾದುದು.

ಎಲೆ ಹಾಕಿ ಬಹಳ ಹೊತ್ತಾಯಿತು. ಮೊಮ್ಮಗನು ಇನ್ನೂ ಎದ್ದಿಲ್ಲ.