ಬಾಡದ ಹೂವು

ಗಾಜಿನಲ್ಲಿ ಹೂವು ಮಾಡುವುದೆಂದರೆ ಬ್ರಹ್ಮನ ಸಂಗಡ ಪೈಪೋಟಿಗೆ ಇಳಿದಂತೆ ಎನ್ನುವವರುಂಟು. ಬ್ರಹ್ಮನಿಗೆ ಅಷ್ಟಕ್ಕೆಲ್ಲ ಸಿಟ್ಟು ಬರಲಾರದು. ಬಂದಿದ್ದರೆ ಡ್ರೆಸ್ಡನ್ನಿನ ಹತ್ತಿರವಿದ್ದ ಲಿಯೊಪೋಲ್ಡ್ ಬ್ಲಾಷ್ಕಾ, ಆತನ ಮಗ ರುಡಾಲ್ಫ್, ಇವರ ಮೇಲೆ ಮೊದಲು ಬರಬೇಕಾಗಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕಾಗಿ ಅವರು 1887ರಿಂದ 1936ರವರೆಗೆ ಸುಮಾರು 780 ಜಾತಿಯ ಗಿಡಗಳನ್ನು ಗಾಜಿನಲ್ಲಿ ಮಾಡಿದರು. ಒಣಗಿಸಿಟ್ಟ ಗಿಡದಲ್ಲಿ ಬಣ್ಣ ಉಳಿಯುವುದಿಲ್ಲ. ಪಾಠ ಹೇಳುವವರಿಗೆ ಗಾಜೇ ಬೇಕಾಯಿತು. ತಂದೆ 1895ರಲ್ಲಿ ತೀರಿಕೊಂಡ ಮೇಲೆ ಮಗನೊಬ್ಬನೇ ದುಡಿದ. ಮುಪ್ಪಿನಲ್ಲಿ ಆತ ಕೈಹಾಕಿದ್ದು ಯಾವುದಕ್ಕೆ ಗೊತ್ತೆ? ಕೊಳೆತ ಹಣ್ಣುಗಳಿಗೆ! ಬೂಷ್ಟು ಹಿಡಿದ ಸ್ಟ್ರಾಬೆರಿಯನ್ನೂ ರೋಗ ತಗುಲಿದ ಪೀಚನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿಟ್ಟ. ಆ ಕೊಳೆತವೂ ಇಂದಿಗೂ ಕೊಳೆತಿಲ್ಲ.

ನಮ್ಮ ಕಾಲದ ಗಾಜಿನ ಶಿಲ್ಪಿ, ಅಮೆರಿಕದ ಡೇಲ್ ಚಿಹೂಲಿಯದು ಬೇರೆ ದಾರಿ. ಆತನ ಗಾಜು ಯಾವ ಹೂವಿನ ನಕಲೂ ಅಲ್ಲ. ಕಾದ ಗಾಜು ತನ್ನ ತೂಕಕ್ಕೆ ತಾನೇ ಜೋತು, ಕೊಳವೆ ತಿರುಗಿದ ವೇಗಕ್ಕೆ ಅರಳಿ, ಊದಿದ ಉಸಿರಿಗೆ ಉಬ್ಬಿ ಏನಾಗಬೇಕೋ ಅದೇ ಆಗಲಿ ಎಂದು ಬಿಡುವ ಬಗೆ. ಅವುಗಳನ್ನು 2005ರಲ್ಲಿಯೂ 2019ರಲ್ಲಿಯೂ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ನಿಜವಾದ ಗಿಡಗಳ ನಡುವೆ ನಿಲ್ಲಿಸಿದ್ದರು. ನಮ್ಮ ಲಾಲ್‌ಬಾಗಿನ ಕ್ರುಂಬಿಗಲ್ ಪಳಗಿದ್ದ ತೋಟವೇ ಅದು. ಬಣ್ಣ ಸ್ವಲ್ಪ ಅತಿಯಾಯಿತೆಂದು ಚಿತ್ರ ನೋಡಿದ ನನಗೆ ಅನ್ನಿಸಿತು. ಆದರೆ ಅದು ತಾನು ಗಾಜೆಂಬುದನ್ನು ಮುಚ್ಚಿಡುವುದಿಲ್ಲ.

ಇದೇ ವಾದ ಹಲಸೂರಿನ ನಮ್ಮ ಮನೆಗೆ ಶಿವಾಜಿನಗರದ ಕಡೆಯಿಂದ ಬಂತು. ರಸಲ್ ಮಾರ್ಕೆಟ್ಟಿನ ಮುಂದೆ ಗುಲಾಬಿ, ಸೇವಂತಿಗೆ ರಾಶಿ ಬಿದ್ದಿರುತ್ತದೆ. ಆ ಶ್ರಾವಣದಲ್ಲಿ ಅದರ ಬೆಲೆ ಕೇಳಿ ಬೆದರಿದ ನನ್ನಾಕೆ, ಅಲ್ಲಿಯೇ ಒಂದು ಅಂಗಡಿಯಿಂದ ದೇವರ ಪಟಗಳಿಗೆಲ್ಲ ಪ್ಲಾಸ್ಟಿಕ್ಕಿನ ಹಾರ ತಂದಳು. ಎಂಬತ್ತು ದಾಟಿದ ನನ್ನ ತಾಯಿ ಅದನ್ನು ಬೆರಳಿನಿಂದ ತಡವಿ, "ಇದನ್ನ ನಾಳೆ ತೆಗೆಯೋದು ಹೇಗೋ? ನಿರ್ಮಾಲ್ಯವೇ ಆಗದ ಹೂವು ಪೂಜೆಗೆ ಬರುತ್ತೇನು?" ಎಂದು ನನ್ನನ್ನು ಕೇಳಿದರು. ಕಣ್ಣು ಮಂಜಾದ ಮೇಲೆ ಮನೆಗೆಲಸಗಳೆಲ್ಲ ಒಂದೊಂದಾಗಿ ಅವರ ಕೈ ಬಿಟ್ಟಿದ್ದವು. ಬೆಳಗ್ಗೆ ಎದ್ದು ನಿನ್ನೆಯ ಹೂವನ್ನು ತೆಗೆಯುವುದೊಂದು ಉಳಿದಿತ್ತು.

"ನಿಮ್ಮ ಕೈಯ ಗಾಜಿನ ಬಳೆಯೂ ಕಾರ್ಖಾನೆಯದೇ ಅಲ್ಲವೆ, ಅತ್ತೆ?" ಎಂದಳು ಇವಳು. ಸೋಲುವ ಪೈಕಿಯಲ್ಲ.

"ಹೌದಮ್ಮ. ಆದರೆ ಬಳೆ ಹೆಚ್ಚುತ್ತೆ. ಇದು ಹೆಚ್ಚೋದೇ ಇಲ್ಲವಲ್ಲ."

ನಮ್ಮ ಹೆಂಗಸರ ಬಾಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಅಲಂಕಾರಶಾಸ್ತ್ರ ಹೇಳಿದ ನಾನು ಅತ್ತೆ ಸೊಸೆಯರ ನಡುವೆ ಬಾಯಿ ಹಾಕಲಿಲ್ಲ.

ಈಗ ಹೂವಾಡಗಿತ್ತಿ ದಿನವೂ ಒಂದು ಮೊಳ ಕೊಟ್ಟುಹೋಗುತ್ತಾಳೆ. ಪ್ಲಾಸ್ಟಿಕ್ಕಿನ ಹಾರಗಳು ಹೊರಬಾಗಿಲಿಗೆ ಏರಿವೆ. ತಿಂಗಳಿಗೊಮ್ಮೆ ಅವನ್ನು ಸೋಪಿನ ನೀರಿನಲ್ಲಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.